ಕಟಾ ಎಂಬ ವರಸೆ ಮತ್ತು ಅಜ್ಜಿಯ ಒಂದು ಪ್ರಶ್ನೆ

ಎರಡು ವಾರಗಳ ಹಿಂದೆ ಸಿಂಗಟಗೆರೆಯ ನಮ್ಮ ಮನೆಯ ಜಗಲಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಬರಹವನ್ನು ಆರಂಭಿಸುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು, ಒಂಬತ್ತನೆಯ ತರಗತಿಯವಳು, ಕರಾಟೆಯ ಕಟಾ ವಿಭಾಗದಲ್ಲಿ ಗೆದ್ದ ಪದಕವನ್ನು ತೋರಿಸಲು ಅಜ್ಜಿಯೊಡನೆ ಬಂದಿದ್ದಳು. ಎರಡು ವರ್ಷಗಳ ಹಿಂದೆ ‘ಹೆಣ್ಣುಮಗುವಿಗೆ ಈ ಹೊಡೆದಾಟ ಏಕೆ’ ಎಂದು ಮನೆಯವರು ಹಿಂದೇಟು ಹಾಕಿದಾಗ ಅವರಿಗೆ ತಿಳಿಹೇಳಿ ತರಗತಿಗೆ ಸೇರಿಸಿದವನು ನಾನೇ. ಹಾಗಾಗಿ ಆ ಪದಕದಲ್ಲಿ ಮೇಷ್ಟ್ರಿಗೂ ಒಂದು ಪಾಲಿದೆ ಎಂಬುದು ಆ ಕುಟುಂಬದವರ ಪ್ರೀತಿಯ ಮಾತು.

ಹುಡುಗಿ ಅಂಗಳಕ್ಕಿಳಿದು ತನ್ನ ಕಟಾವನ್ನು ಮಾಡಿ ತೋರಿಸಿದಳು. ಎದುರಿಗೆ ಯಾರೂ ಇಲ್ಲದೆ, ಇದ್ದಾರೆಂದು ಭಾವಿಸಿಕೊಂಡು, ಗೊತ್ತಾದ ದಿಕ್ಕುಗಳಿಗೆ ತಿರುಗಿ, ತಡೆದು, ಗುದ್ದಿ, ಹೊರಟ ಜಾಗಕ್ಕೇ ಮರಳಿ ನಿಲ್ಲುವ ಚಲನೆಗಳ ಸರಣಿ ಅದು. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನಾನು ಚಪ್ಪಾಳೆ ತಟ್ಟಿದೆ. ಅಜ್ಜಿಯೂ ಮೆಚ್ಚಿದರು. ಮೆಚ್ಚಿದ ಮೇಲೆ ಒಂದು ಪ್ರಶ್ನೆ ಕೇಳಿದರು: “ಚೆನ್ನಾಗೈತೆ ಕಣವ್ವಾ. ನಾಳೆ ಕಡೂರು ಬಸ್ಸಿನಾಗೆ ಯಾವನಾದ್ರೂ ಕೈ ಹಿಡ್ಕಂಡ್ರೆ ಇದ್ರಾಗೆ ಯಾವುದನ್ನ ಮಾಡ್ತೀಯ?”

ಹುಡುಗಿ ನನ್ನ ಮುಖ ನೋಡಿದಳು. ನಾನು ಅಂಗಳದ ತೆಂಗಿನ ಮರ ನೋಡಿದೆ. ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ನಿದ್ದೆ ಕೊಡುವುದಿಲ್ಲ. ಅಂದಿನಿಂದ ಓದಿದೆ, ಕೇಳಿದೆ, ಯೋಚಿಸಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ದೂರವಾಣಿಯಲ್ಲಿ ವಿಚಾರಿಸಿದೆ. ಬೆಂಗಳೂರಿನ ವ್ಯಾಯಾಮಶಾಲೆಯೊಂದರಲ್ಲಿ ಬಾಕ್ಸಿಂಗ್ ಕಲಿಯುತ್ತಿರುವವನು, “ಸಾರ್, ಕಟಾ ಎಂದರೆ ನೃತ್ಯ, ಬೀದಿಯಲ್ಲಿ ಅದು ನಡೆಯುವುದಿಲ್ಲ” ಎಂದ. ಕರಾಟೆಯನ್ನೇ ವೃತ್ತಿಯಾಗಿಸಿಕೊಂಡಿರುವ ಇನ್ನೊಬ್ಬ, “ಸಾರ್, ಕಟಾದಲ್ಲಿ ಇಲ್ಲದ ಕಾಳಗವೇ ಇಲ್ಲ” ಎಂದ. ಇಬ್ಬರೂ ನನ್ನ ಕೈಯಲ್ಲೇ ವ್ಯಾಕರಣ ಕಲಿತವರು. ಇಬ್ಬರ ಮಾತೂ ಅರ್ಧ ಸರಿ ಎಂದು ಈಗ ನನಗೆ ಅನ್ನಿಸುತ್ತಿದೆ.

ಕಟಾಕ್ಕೆ ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಪದವಿದೆ: ವರಸೆ. ಕತ್ತಿವರಸೆ, ದೊಣ್ಣೆವರಸೆ ಎನ್ನುವಾಗ ನಾವು ಬಳಸುವುದು ಅದನ್ನೇ. ಸಂಗೀತದಲ್ಲೂ ಅದೇ ಪದ. ಪುರಂದರದಾಸರು ಕ್ರಮಗೊಳಿಸಿದರೆಂದು ನಂಬಿಕೆಯಿರುವ ಸರಳೆ ವರಸೆ, ಜಂಟಿ ವರಸೆಗಳನ್ನು ಹಾಡದೆ ಯಾರೂ ಕರ್ನಾಟಕ ಸಂಗೀತ ಕಲಿಯುವುದಿಲ್ಲ. ಹಾಗೆಂದು ಸರಳೆ ವರಸೆಯನ್ನೇ ಕಛೇರಿಯೆಂದು ಹಾಡಿದರೆ ಯಾರೂ ಕೇಳುವುದೂ ಇಲ್ಲ. ಮಗ್ಗಿಯೂ ಹಾಗೆಯೇ. ಹತ್ತೊಂಬತ್ತರ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ ಹುಡುಗನೊಬ್ಬ ಸಂತೆಯಲ್ಲಿ ಹತ್ತೊಂಬತ್ತು ತೆಂಗಿನಕಾಯಿಗಳ ಲೆಕ್ಕಕ್ಕೆ ತಡವರಿಸಿ ನಿಂತದ್ದನ್ನು ನಾನು ಕಂಡಿದ್ದೇನೆ. ತಪ್ಪು ಮಗ್ಗಿಯದಲ್ಲ, ಅದು ಏತಕ್ಕೆಂದು ಹೇಳಿಕೊಡದ ನನ್ನಂಥ ಮೇಷ್ಟರದು.

ಓದುತ್ತ ಹೋದಂತೆ ಕಟಾದ ಕಥೆಯಲ್ಲೂ ಒಬ್ಬ ಮೇಷ್ಟರು ಎದುರಾದರು. ಕರಾಟೆ ಹುಟ್ಟಿದ್ದು ಜಪಾನಿನ ದಕ್ಷಿಣಕ್ಕಿರುವ ಒಕಿನಾವಾ ದ್ವೀಪದಲ್ಲಿ. ಗುರುವು ಆಯ್ದ ಕೆಲವೇ ಶಿಷ್ಯರಿಗೆ ಹೇಳಿಕೊಡುತ್ತಿದ್ದ ಈ ವಿದ್ಯೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಶಾಲೆಯ ಅಂಗಳಕ್ಕೆ ತಂದವರು ಇತೊಸು ಅಂಕೊ. ಮಕ್ಕಳಿಗೆಂದು ಅವರು ‘ಪಿನಾನ್’ ಎಂಬ ಐದು ಕಟಾಗಳನ್ನು ರೂಪಿಸಿದರು. ೧೯೦೮ರಲ್ಲಿ ಕರಾಟೆಯ ಶಿಕ್ಷಣದ ಬಗ್ಗೆ ಹತ್ತು ಅಂಶಗಳ ಪತ್ರವೊಂದನ್ನು ಬರೆದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಣಿಕೆ ಹೇಳಿ, ಎಲ್ಲರೂ ಒಟ್ಟಿಗೆ ಮಾಡುವ ಡ್ರಿಲ್ ಆಗಿ ಕರಾಟೆ ಬದಲಾದದ್ದು ಹೀಗೆ. ಚಲನೆಗಳು ಉಳಿದವು, ಕತ್ತು ಹಿಸುಕಿದರೆ ಏನು, ಕೈ ತಿರುಚಿದರೆ ಏನು ಎಂಬ ಅಪಾಯಕರ ಅರ್ಥಗಳು ಮಕ್ಕಳಿಗೆ ಬೇಡವೆಂದು ಹಿಂದೆ ಸರಿದವು ಎನ್ನುತ್ತಾರೆ ಬಲ್ಲವರು. ಇತೊಸು ಅವರ ಶಿಷ್ಯರಾಗಿದ್ದ, ಸ್ವತಃ ಶಾಲಾ ಶಿಕ್ಷಕರೂ ಆಗಿದ್ದ ಗಿಚಿನ್ ಫುನಾಕೋಶಿ ೧೯೨೨ರಲ್ಲಿ ಟೋಕಿಯೋದಲ್ಲಿ ಕರಾಟೆಯನ್ನು ಪ್ರದರ್ಶಿಸಿದ ಮೇಲೆ ಅದು ಜಪಾನಿನ ವಿಶ್ವವಿದ್ಯಾಲಯಗಳಿಗೂ, ಮುಂದೆ ಲೋಕಕ್ಕೂ ಹರಡಿತು. ಪಿನಾನ್ ಎಂಬ ಹೆಸರನ್ನು ‘ಹೇಯಾನ್’ ಎಂದು ಬದಲಿಸಿದವರು ಅವರೇ.

ಅಂದರೆ, ಕಟಾ ಬರಿಯ ಕವಾಯತಾದದ್ದರಲ್ಲಿ ನಮ್ಮ ಶಿಕ್ಷಕ ವರ್ಗದ ಕೈವಾಡವೂ ಇದೆ! ಪದ್ಯವನ್ನು ಕಂಠಪಾಠ ಮಾಡಿಸಿ ಭಾವಾರ್ಥವನ್ನು ಮುಂದಿನ ತರಗತಿಗೆ ಬಿಟ್ಟಂತೆ. ಮುಂದಿನ ತರಗತಿಯ ಮೇಷ್ಟರು, ಹಿಂದೆಯೇ ಹೇಳಿರುತ್ತಾರೆಂದು ಸುಮ್ಮನಾದಂತೆ.

ಮೊನ್ನೆಯ ಭಾನುವಾರ ಕರಾಟೆ ಹೇಳಿಕೊಡುವ ಆ ಶಿಷ್ಯನೇ ಊರಿಗೆ ಬಂದ. ಅಜ್ಜಿ, ಮೊಮ್ಮಗಳನ್ನು ಮತ್ತೆ ಕರೆಸಿ ಪ್ರಶ್ನೆಯನ್ನು ಅವನ ಮುಂದಿಟ್ಟೆ. ಅವನು ಹೇಯಾನ್ ಶೋದಾನ್ ಎಂಬ ಆರಂಭದ ಕಟಾವನ್ನೇ ಆರಿಸಿಕೊಂಡ. ಅದರಲ್ಲಿ ಇಪ್ಪತ್ತೊಂದು ಚಲನೆಗಳಿವೆ. ನಾಲ್ಕನೆಯದರಲ್ಲಿ, ಕೆಳಗೆ ಚಾಚಿದ ಕೈಯನ್ನು ತನ್ನ ಕಡೆಗೆ ಸೆಳೆದುಕೊಂಡು, ಕಮಾನಿನಂತೆ ಮೇಲಕ್ಕೆತ್ತಿ, ಮುಷ್ಟಿಯನ್ನು ಸುತ್ತಿಗೆಯಂತೆ ಕೆಳಗಿಳಿಸಬೇಕು. ಹುಡುಗಿ ಅದನ್ನು ಸಾವಿರ ಸಲವಾದರೂ ಮಾಡಿದ್ದಾಳು. “ಈ ಕೈಯನ್ನು ಯಾರೋ ಹಿಡಿದಿದ್ದಾರೆ ಅಂದುಕೋ” ಎಂದು ಅವನು ಅಜ್ಜಿಗೆ ಅವಳ ಮಣಿಕಟ್ಟನ್ನು ಹಿಡಿಯಲು ಹೇಳಿದ.

ರಾಗಿ ಬೀಸಿ, ಕಳೆ ಕಿತ್ತು, ಎಮ್ಮೆ ಹಗ್ಗ ಎಳೆದ ಕೈ ಅದು. ಹುಡುಗಿ ಎಳೆದಳು, ಬಿಡಲಿಲ್ಲ. ಇನ್ನೊಮ್ಮೆ ಎಳೆದಳು, ಅಜ್ಜಿ ನಕ್ಕರು. ಆಗ ಅವನು ವಿವರಿಸಿದ. ಹಿಡಿತ ಎಷ್ಟೇ ಬಿಗಿಯಾಗಿದ್ದರೂ ಹೆಬ್ಬೆರಳು ಮತ್ತು ಬೆರಳುಗಳು ಕೂಡುವಲ್ಲಿ ಒಂದು ಸಂದು ಇರುತ್ತದೆ. ಮಣಿಕಟ್ಟಿನ ಸಪೂರ ಅಂಚನ್ನು ಆ ಸಂದಿಗೆ ತಿರುಗಿಸಿ, ತೋಳಿನಿಂದಲ್ಲದೆ ಇಡೀ ಮೈಯ ತೂಕದಿಂದ ಸೆಳೆಯಬೇಕು. ಮೂರನೆಯ ಸಲ ಕೈ ಬಿಡಿಸಿಕೊಂಡಿತು. ಆ ಮಗುವಿನ ಮುಖವನ್ನು ನೀವು ನೋಡಬೇಕಿತ್ತು. ಪದಕ ತೋರಿಸಿದ ದಿನವೂ ಅಷ್ಟು ಬೆಳಕು ಅಲ್ಲಿರಲಿಲ್ಲ. ಎರಡು ವರ್ಷ ಬಾಯಿಪಾಠ ಮಾಡಿದ ಪದ್ಯಕ್ಕೆ ಅರ್ಥವಿದೆಯೆಂದು ಅವಳಿಗೆ ಅಂದು ತಿಳಿಯಿತು.

ಇನ್ನೊಂದು ಉದಾಹರಣೆಯನ್ನೂ ಅವನು ಕೊಟ್ಟ. ಕಟಾದಲ್ಲಿ ಒಂದು ಕೈ ಗುದ್ದುವಾಗ ಇನ್ನೊಂದು ಮುಷ್ಟಿ ಸೊಂಟಕ್ಕೆ ಹೋಗುತ್ತದೆ. ಬಾಕ್ಸಿಂಗ್ ಕಲಿತವನಿಗೆ ಇದು ಹಾಸ್ಯಾಸ್ಪದ. ಮುಖ ಕಾಯಬೇಕಾದ ಕೈ ಸೊಂಟದಲ್ಲಿ ಏನು ಮಾಡುತ್ತಿದೆ? ಆದರೆ ಆ ಮುಷ್ಟಿಯಲ್ಲಿ ಎದುರಾಳಿಯ ಕೈಯನ್ನೋ ಅಂಗಿಯನ್ನೋ ಹಿಡಿದು ಎಳೆಯುತ್ತಿದ್ದೇವೆ ಎಂದುಕೊಂಡರೆ ಎಲ್ಲವೂ ಸರಿಹೋಗುತ್ತದೆ. ಎದುರಿಗೆ ಮನುಷ್ಯನೊಬ್ಬ ನಿಲ್ಲದ ಹೊರತು ಕಟಾ ಅರ್ಥವಾಗುವುದಿಲ್ಲ ಎಂಬುದು ನನಗೆ ಹೊಳೆದದ್ದು ಇಲ್ಲಿಯೇ. ಜೂಡೋ ವಿದ್ಯೆಯನ್ನು ೧೮೮೨ರಲ್ಲಿ ಸ್ಥಾಪಿಸಿದ ಜಿಗೋರೊ ಕಾನೋ ಅವರೂ ವೃತ್ತಿಯಿಂದ ಶಿಕ್ಷಕರೇ. ಕಟಾ ವ್ಯಾಕರಣವಿದ್ದಂತೆ, ಎದುರಾಳಿಯೊಡನೆ ಮುಕ್ತವಾಗಿ ಸೆಣಸುವುದು ಪ್ರಬಂಧ ಬರೆದಂತೆ ಎಂದು ಅವರು ಹೋಲಿಸುತ್ತಿದ್ದರಂತೆ. ಕನ್ನಡ ಮೇಷ್ಟರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಹಾಗಾದರೆ ಕ್ರೀಡೆಯ ಕಟಾ ವ್ಯರ್ಥವೇ? ಖಂಡಿತ ಅಲ್ಲ. ನಮ್ಮ ಜಿಲ್ಲೆಯವರಿಗೆ ವೀರಗಾಸೆಯ ಪರಿಚಯ ಮಾಡಿಕೊಡಬೇಕಿಲ್ಲ. ಸಂಬಾಳದ ಸದ್ದಿಗೆ ಖಡ್ಗ ಝಳಪಿಸಿ, ದಕ್ಷಯಜ್ಞದ ಒಡಪು ಹೇಳುತ್ತ ಕುಣಿಯುವವನನ್ನು ಕಂಡು, ‘ನೀನು ಕಳ್ಳನನ್ನು ಹಿಡಿಯಬಲ್ಲೆಯಾ’ ಎಂದು ಯಾರೂ ಕೇಳುವುದಿಲ್ಲ. ಅದರ ಬೆಲೆ ಬೇರೆಯೇ. ಟೋಕಿಯೋ ಒಲಿಂಪಿಕ್ಸ್ ಸಾಂಕ್ರಾಮಿಕದ ಕಾರಣ ೨೦೨೧ರಲ್ಲಿ ನಡೆದಾಗ ಕರಾಟೆಗೆ ಅಲ್ಲಿ ಮೊದಲ ಬಾರಿಗೆ ಸ್ಥಾನ ಸಿಕ್ಕಿತು. ಪುರುಷರ ಕಟಾದಲ್ಲಿ ಚಿನ್ನ ಗೆದ್ದವರು ಒಕಿನಾವಾದವರೇ ಆದ ರ‍್ಯೋ ಕಿಯುನಾ. ಮಹಿಳೆಯರಲ್ಲಿ ಸ್ಪೇನಿನ ಸಾಂದ್ರಾ ಸಾಂಚೆಜ್. ದೃಶ್ಯಗಳನ್ನು ನೋಡಿ ನಾನು ಬೆರಗಾದೆ. ಆ ನಿಲುವು, ಆ ಏಕಾಗ್ರತೆ ಒಂದು ತಪಸ್ಸಿನ ಫಲ.

ಆದರೆ ಅದೇ ಒಲಿಂಪಿಕ್ಸಿನಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಎದುರುಬದುರು ಸೆಣಸುವ ಕುಮಿಟೆಯ ಭಾರಿ ತೂಕದ ಅಂತಿಮ ಪಂದ್ಯದಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೀದಿ ಅಂಕಗಳಲ್ಲಿ ಮುಂದಿದ್ದರು. ಅವರ ಒದೆತಕ್ಕೆ ಇರಾನಿನ ಸಜ್ಜಾದ್ ಗಂಜಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಒದೆತ ಮಿತಿ ಮೀರಿತೆಂದು ತೀರ್ಪುಗಾರರು ಹಮೀದಿಯವರನ್ನು ಅನರ್ಹಗೊಳಿಸಿದರು. ಸ್ಟ್ರೆಚರಿನಲ್ಲಿ ಹೊರಗೆ ಹೋದವರಿಗೆ ಚಿನ್ನ ದೊರೆಯಿತು. ಇದನ್ನು ಕೇಳಿ ಹಲವರು ನಕ್ಕರು. ನಾನು ನಗಲಾರೆ. ಆಟವೆಂದ ಮೇಲೆ ಎದುರಾಳಿ ಸುರಕ್ಷಿತವಾಗಿ ಮನೆಗೆ ಹೋಗಬೇಕು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ಒಬ್ಬರ ತಲೆಯಿಂದ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ. ನಿಯಮ ನಾಗರಿಕತೆಯ ಗುರುತು. ನಮ್ಮ ಹೆಣ್ಣುಮಕ್ಕಳಿಗೆ ಎದುರಾಗುವ ಬಸ್ಸಿನಲ್ಲಿ ಮಾತ್ರ ತೀರ್ಪುಗಾರರಿರುವುದಿಲ್ಲ. ಒಂದನ್ನು ಕಲಿಸಿ, ಇನ್ನೊಂದನ್ನು ಕಲಿಸಿದ್ದೇವೆಂದು ಹೇಳುವುದು ತಪ್ಪು.

ಬಾಕ್ಸಿಂಗಿನ ಶಿಷ್ಯನ ಮಾತಿನಲ್ಲಿರುವ ಸತ್ಯವನ್ನೂ ಒಪ್ಪಬೇಕು. ೧೯೯೩ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಬೇರೆ ಬೇರೆ ವಿದ್ಯೆಗಳವರನ್ನು ಅತ್ಯಲ್ಪ ನಿಯಮಗಳೊಡನೆ ಒಂದೇ ಕಣದಲ್ಲಿ ಸೆಣಸಲು ಬಿಟ್ಟಾಗ ಗೆದ್ದವರು ಬ್ರೆಜಿಲಿನ ಜುಜುತ್ಸು ಕಲಿತ ರಾಯ್ಸ್ ಗ್ರೇಸಿ. ಪ್ರತಿರೋಧಿಸುವ ಜೊತೆಗಾರನೊಡನೆ ದಿನವೂ ಹೊರಳಾಡಿ ಕಲಿಯುವ ವಿದ್ಯೆ ಅವರದು. ನಮ್ಮ ಗರಡಿಮನೆಗಳ ಪೈಲ್ವಾನರಿಗೂ ಇದು ಹೊಸ ಮಾತಲ್ಲ. ಕೆಮ್ಮಣ್ಣಿನಲ್ಲಿ ಜೋಡಿಯೊಡನೆ ಹಿಡಿಯದೆ ಪಟ್ಟು ಕೈಗೆ ಹತ್ತುವುದಿಲ್ಲ.

ನಾನು ಇಷ್ಟು ಯೋಚಿಸಲು ಒಂದು ಹಳೆಯ ಋಣವೂ ಕಾರಣ. ಬಹಳ ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಗೆ ಮೂರು ಮೈಲಿ ನಡೆದು ಬರುತ್ತಿದ್ದ ಹುಡುಗಿಯೊಬ್ಬಳು, ದಾರಿಯಲ್ಲಿ ಒಬ್ಬ ಕೈ ಹಿಡಿದೆಳೆಯುತ್ತಾನೆಂದು ಅಳುತ್ತ ನನ್ನಲ್ಲಿ ಹೇಳಿದಳು. ‘ತಲೆ ತಗ್ಗಿಸಿಕೊಂಡು ಬೇಗ ಬೇಗ ನಡೆದು ಬಾ ತಾಯಿ’ ಎಂದೆ. ಒಳ್ಳೆಯ ಬುದ್ಧಿಮಾತು ಹೇಳಿದೆನೆಂದೇ ಅಂದು ನಂಬಿದ್ದೆ. ತಿಂಗಳೊಳಗೆ ಮನೆಯವರು ಅವಳನ್ನು ಶಾಲೆ ಬಿಡಿಸಿದರು. ತರಗತಿಯಲ್ಲಿ ಅವಳೇ ಮೊದಲಿಗಳಾಗಿದ್ದಳು. ನಾನು ಅವಳೊಡನೆ ಆ ದಾರಿಯಲ್ಲಿ ಒಂದು ದಿನವಾದರೂ ನಡೆದು ಹೋಗಬಹುದಿತ್ತು, ಊರ ಹಿರಿಯರನ್ನು ಕೂಡಿಸಬಹುದಿತ್ತು, ಕೂಗಿಕೋ ಎಂದಾದರೂ ಹೇಳಬಹುದಿತ್ತು. ಯಾವುದನ್ನೂ ಮಾಡಲಿಲ್ಲ.

ಇಂದು ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆಯ ತರಬೇತಿಯಿದೆ. ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನ ತರಬೇತಿ ನಡೆದಿದೆ. ಸಂತೋಷ. ಆದರೆ ಆ ಅಮೂಲ್ಯ ತಿಂಗಳುಗಳು ವಾರ್ಷಿಕೋತ್ಸವದ ವೇದಿಕೆಯಲ್ಲಿ ಸಾಲಾಗಿ ನಿಂತು ಕಟಾ ಪ್ರದರ್ಶಿಸುವುದರಲ್ಲೇ ಮುಗಿಯಬಾರದು. ನೆರೆಯ ಚಿತ್ರದುರ್ಗದ ಓಬವ್ವನನ್ನೇ ನೆನೆಯಿರಿ. ಯಾವ ಕರಾಟೆಯನ್ನೂ ಕಲಿಯದ ಆಕೆಗೆ ದಿನವೂ ಕುಟ್ಟಿ ಕುಟ್ಟಿ ಕೈಗೆ ಹೊಂದಿಕೊಂಡಿದ್ದ ಒನಕೆಯೇ ವರಸೆಯಾಯಿತು. ಕೋಟೆಯ ಕಿಂಡಿಯಲ್ಲಿ ತಲೆ ಕಂಡಾಗ ಆ ವರಸೆ ಏತಕ್ಕೆಂದು ಆಕೆಗೆ ತಿಳಿದಿತ್ತು.

ನನ್ನ ಅಭಿಪ್ರಾಯ ಇಷ್ಟು. ಇಪ್ಪತ್ತು ಚಲನೆಗಳ ಬದಲು ನಾಲ್ಕನ್ನೇ ಕಲಿಸಲಿ, ಆದರೆ ಜೋಡಿಯಾಗಿ, ನಿಜವಾಗಿ ಬಿಗಿಹಿಡಿಯುವ ಕೈಯೊಡನೆ ಕಲಿಸಲಿ. ಕರಾಟೆಯಲ್ಲಿ ಹೊಡೆಯುವಾಗ ಕೂಗುವ ಪದ್ಧತಿಯಿದೆ. ‘ಮೆಲ್ಲಗೆ ಮಾತಾಡು’ ಎಂದು ಕೇಳಿಯೇ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಅದನ್ನು ಕಲಿಸಲಿ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರ ಮೇಲೆ ನಡೆದು ೨೦೧೫ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಪಾಯವನ್ನು ಗುರುತಿಸುವುದು, ಗಟ್ಟಿಯಾಗಿ ಬೇಡವೆನ್ನುವುದು, ಕೆಲವು ಸರಳ ಪೆಟ್ಟುಗಳು, ಇವಿಷ್ಟನ್ನು ಹನ್ನೆರಡು ಗಂಟೆಗಳಲ್ಲಿ ಕಲಿತವರಲ್ಲಿ ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಶೇಕಡ ೫.೨, ಕಲಿಯದ ಗುಂಪಿನಲ್ಲಿ ಶೇಕಡ ೯.೮. ಹನ್ನೆರಡು ಗಂಟೆಗಳಿಗೆ ಇಷ್ಟು ಫಲವಿದ್ದರೆ ಮೂರು ತಿಂಗಳಿಗೆ ಎಷ್ಟಿರಬೇಡ! ಆಸಕ್ತಿಯಿದ್ದವರು ಕಟಾವನ್ನೂ ಪದಕವನ್ನೂ ಮುಂದುವರಿಸಲಿ. ಅದು ಬೇರೆ ತರಗತಿ.

ಇಷ್ಟೆಲ್ಲ ಹೇಳಿ ಹೊಣೆಯನ್ನು ಮಕ್ಕಳ ಮುಷ್ಟಿಗೇ ವರ್ಗಾಯಿಸಿ ನಾವು ಕೈ ತೊಳೆದುಕೊಳ್ಳಬಾರದು. ಅಜ್ಜಿಯ ಕೈಯಿಂದ ಬಿಡಿಸಿಕೊಂಡ ಹುಡುಗಿ ಗಟ್ಟಿಮುಟ್ಟಾದ ಗಂಡಸಿನಿಂದ ಬಿಡಿಸಿಕೊಳ್ಳಲಾರಳೇನೋ. ಆಗ ಅವಳ ಕೂಗಿಗೆ ಬಸ್ಸಿನಲ್ಲಿರುವ ನಾವು ಎದ್ದು ನಿಲ್ಲಬೇಕು. ಕೈ ಎಳೆಯುವವನೂ ಯಾವುದೋ ಶಾಲೆಯಲ್ಲಿ ಓದಿದವನೇ ಅಲ್ಲವೇ? ಅವನಿಗೂ ಯಾರೋ ಮೇಷ್ಟರು ಇದ್ದರು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಕೆಲವರು ಹೆಣ್ಣುಮಕ್ಕಳ ತಂದೆತಾಯಿಗಳಾಗಿದ್ದೀರಿ. ಇಂದು ಸಂಜೆ ನಿಮ್ಮ ಮಗಳ ಮಣಿಕಟ್ಟನ್ನು ಒಮ್ಮೆ ಬಿಗಿಯಾಗಿ ಹಿಡಿದು, ‘ಬಿಡಿಸಿಕೋ ನೋಡೋಣ’ ಎನ್ನಿ. ಅವಳು ಮೊದಲ ಸಲ ಸೋತರೆ ನಗಬೇಡಿ. ಹೆಬ್ಬೆರಳಿನ ಸಂದನ್ನು ತೋರಿಸಿಕೊಡಿ. ನಮ್ಮ ಅಂಗಳದ ಹುಡುಗಿ ಹೋದ ಭಾನುವಾರದಿಂದ ದಿನವೂ ಶಾಲೆಯಿಂದ ಬರುವಾಗ ಒಂದು ಗಳಿಗೆ ನಿಂತು ನನ್ನ ಕೈಯನ್ನೂ ಪರೀಕ್ಷಿಸಿ ಹೋಗುತ್ತಿದ್ದಾಳೆ. ಎಪ್ಪತ್ತು ದಾಟಿದ ಕೈ. ಎರಡನೆಯ ಸಲಕ್ಕೇ ಸೋಲುತ್ತದೆ. ಸೋತದ್ದಕ್ಕೆ ಇಷ್ಟು ಸಂತೋಷಪಟ್ಟದ್ದು ಮಾತ್ರ ಇದೇ ಮೊದಲು.