ಗೋಡೆಯ ಹೊರಗೆ ನಿಲ್ಲುವವರನ್ನು ಕೇಳಿದವರಾರು?

2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಗೊಂಡಿತು. ವೇದಿಕೆಯಲ್ಲಿ ಹರ್ಷಕ್ಕೆ ಕೊರತೆಯಿರಲಿಲ್ಲ. ಆದರೆ ಅದಕ್ಕೆ ದೊರೆತದ್ದು ಹೋಟೆಲೊಂದರ ತಾತ್ಕಾಲಿಕ ನೆಲೆ. ವೀಸಾ ಸೇವೆಯೂ ಅಂದು ಆರಂಭವಾಗಲಿಲ್ಲ. ಶಾಶ್ವತ ಕಟ್ಟಡದ ಮಾತು ಮುಂದಕ್ಕೆ ಉಳಿಯಿತು.

ಆ ಕಟ್ಟಡದ ವಾಸ್ತುಶಿಲ್ಪಿಯ ಆಯ್ಕೆಯಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರಿಗೇನು ಕೆಲಸವೆಂದು ಕೆಲವರು ನಗಬಹುದು. ಅಂಥವರು, ಮಕ್ಕಳು ಅಮೆರಿಕದಲ್ಲಿರುವ ತಂದೆತಾಯಿಯರನ್ನು ಕೇಳಲಿ. ರಾತ್ರಿಯಿಡೀ ಪ್ರಯಾಣಿಸಿ ಚೆನ್ನೈ, ಹೈದರಾಬಾದ್ ಅಥವಾ ಮುಂಬೈಯ ದ್ವಾರದೆದುರು ಕಡತದ ಚೀಲ ಹಿಡಿದು ನಿಂತವರು ಇವರೇ ತಾನೆ? ಗೋಡೆಯೊಳಗಿನ ಆವರಣಕ್ಕೆ 1963ರ ವಿಯೆನ್ನಾ ಒಪ್ಪಂದದ ರಕ್ಷಣೆಯಿದೆ. ಹೊರಗೆ ಬಿಸಿಲಲ್ಲಿ ನಿಂತ ವೃದ್ಧೆಗೆ ಯಾವ ಒಪ್ಪಂದದ ರಕ್ಷಣೆಯಿದೆ?

ಭದ್ರತೆಯ ಮಾತು ಬರುತ್ತದೆ. ಅದು ಸುಳ್ಳಲ್ಲ. 1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರುಸ್ಸಲಾಮಿನ ಸ್ಫೋಟಗಳು ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆದವು. ಆ ಬಳಿಕ ರಾಯಭಾರ ಕಚೇರಿಗಳು ರಸ್ತೆಯಿಂದ ದೂರ ಸರಿದವು. ಆದರೆ ಭದ್ರತೆಗೆ ಸೌಜನ್ಯವನ್ನು ಬಲಿ ಕೊಡಬೇಕೆಂದೇನಿಲ್ಲ. ಲಂಡನಿನ ಕಟ್ಟಡಕ್ಕೆ 2010ರಲ್ಲಿ ಸ್ಪರ್ಧೆಯ ಮೂಲಕ ಕೀರನ್‌ಟಿಂಬರ್ಲೇಕ್ ಸಂಸ್ಥೆಯನ್ನು ಆರಿಸಲಾಯಿತು. 2018ರಲ್ಲಿ ತೆರೆದ ಆ ಕಟ್ಟಡದಲ್ಲಿ ಎತ್ತರದ ಗೋಡೆಯ ಕೆಲಸವನ್ನು ಕೊಳ ಮತ್ತು ಉದ್ಯಾನಗಳು ಮಾಡುತ್ತವೆ.

ಅಷ್ಟು ದೂರವೇಕೆ? ದೆಹಲಿಯಲ್ಲಿ 1959ರಲ್ಲಿ ತೆರೆದ ಅಮೆರಿಕದ ರಾಯಭಾರ ಕಚೇರಿಗೆ ಎಡ್ವರ್ಡ್ ಡ್ಯೂರೆಲ್ ಸ್ಟೋನ್ ಜಾಲಂದ್ರದ ಗೋಡೆ, ಅಗಲವಾದ ಛಾವಣಿ, ನೀರಿನ ಅಂಗಳ ಕೊಟ್ಟರು. ನಮ್ಮ ಬಿಸಿಲನ್ನು ಅರಿತ ವಿನ್ಯಾಸವದು. ಕಲ್ಲಿನ ಜಾಲಂದ್ರದ ಆ ಪಾಠ ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ನಾಲ್ಕು ಶತಮಾನಗಳಿಂದ ನಿಂತಿದೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಆಯ್ಕೆ ಬಹಿರಂಗ ಸ್ಪರ್ಧೆಯಿಂದಾಗಲಿ, ತೀರ್ಪುಗಾರರಲ್ಲಿ ಕರ್ನಾಟಕದ ವಾಸ್ತುಶಿಲ್ಪಿಗಳೂ ಇರಲಿ. ದಿನಕ್ಕೆ ಎಷ್ಟು ಜನ ಬರುತ್ತಾರೆ, ಎಲ್ಲಿ ಕೂರುತ್ತಾರೆ, ನೀರು ಮತ್ತು ಶೌಚಾಲಯ ಎಲ್ಲಿ, ಫಲಕದಲ್ಲಿ ಕನ್ನಡವಿದೆಯೇ ಎಂಬ ಪ್ರಶ್ನೆಗಳಿಗೆ ನಕ್ಷೆಯಲ್ಲೇ ಉತ್ತರವಿರಲಿ. ಸರತಿ ಸಾಲು ರಸ್ತೆಯಲ್ಲಲ್ಲ, ನೆರಳಿನಲ್ಲಿರಲಿ. ನಿವೇಶನದ ಮಾತುಕತೆಯಲ್ಲೇ ರಾಜ್ಯ ಸರಕಾರ ಇದನ್ನು ಮುಂದಿಡಬೇಕು. ಅಡಿಪಾಯ ಬಿದ್ದ ಮೇಲೆ ಮನವಿ ಸಲ್ಲಿಸಿ ಫಲವಿಲ್ಲ.

1824ರಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಬಾಗಿಲಿಗೆ ಫಿರಂಗಿಯೊಂದಿಗೆ ಬಂದಿದ್ದ. ಇಂದು ಬರುವವರು ಸಮಾನ ರಾಷ್ಟ್ರದ ಅತಿಥಿಗಳು. ಅತಿಥಿಯನ್ನು ಗೌರವಿಸೋಣ, ಆದರೆ ಮನೆಯವರನ್ನು ಹೊಸ್ತಿಲಾಚೆ ನಿಲ್ಲಿಸುವ ನಕ್ಷೆಗೆ ಒಪ್ಪಿಗೆ ಕೊಡುವುದು ಆತಿಥ್ಯವಲ್ಲ.