ನಮ್ಮನೆ ಬಾಗಿಲಿಗೆ ನಂಬರೇ ಇಲ್ಲ

ಕಳೆದ ಸೆಮ್ ರಜೆಯ ಎರಡನೇ ರಾತ್ರಿ. ನಮ್ಮ ಗ್ಯಾಂಗಿನ ನಾಲ್ಕು ಜನ ನಾಲ್ಕು ದಿಕ್ಕಿಗೆ ಹೋಗಿದ್ವಿ. ಒಬ್ಬ ಶಿರಸಿಗೆ, ಒಬ್ಬ ಚನ್ನರಾಯಪಟ್ಟಣಕ್ಕೆ, ಒಬ್ಬ ಗದಗಕ್ಕೆ, ಒಬ್ಬಳು ಬೆಂಗಳೂರಿನ ವಿಜಯನಗರಕ್ಕೆ. ಕಾಲೇಜಿನಲ್ಲಿದ್ದಾಗ ಕ್ಯಾಂಟೀನ್ ಮೂಲೆಯಲ್ಲಿ ಒಬ್ಬರ ಹಾಟ್‌ಸ್ಪಾಟ್‌ಗೆ ನಾಲ್ಕೂ ಲ್ಯಾಪ್‌ಟಾಪ್ ಸೇರಿಸಿ ಮೈನ್‌ಕ್ರಾಫ್ಟ್‌ನಲ್ಲಿ ಒಂದು ಊರನ್ನೇ ಕಟ್ಟಿದ್ವಿ. ಕೆರೆ ಇತ್ತು, ಕೆರೆ ಏರಿ ಮೇಲೊಂದು ಗುಡಿ ಇತ್ತು, ಗುಡಿಯಿಂದ ಸಂತೆಮಾಳಕ್ಕೆ ರೈಲು ಓಡ್ತಿತ್ತು. ರಜೆಯಲ್ಲಿ ಅದೇ ಊರನ್ನು ಮನೆಯಿಂದ ಮುಂದುವರಿಸೋಣ ಅಂತ ಮಾತಾಗಿತ್ತು. ಗದಗಿನವನ ಮನೆಗೆ ಹೊಸದಾಗಿ ಫೈಬರ್ ಬಂದಿತ್ತು. ಅವನ ಅಕ್ಕನ ಹಳೇ ಲ್ಯಾಪ್‌ಟಾಪ್ ಒಂದು, ಸ್ಕ್ರೀನ್ ಒಡೆದದ್ದು, ಅಟ್ಟದ ಮೇಲೆ ಬಿದ್ದಿತ್ತು. ಸರ್ವರ್‌ಗೆ ಸ್ಕ್ರೀನ್ ಯಾಕೆ ಬೇಕು? ಸರಿ, ಇಳಿಸಿದ್ವಿ.

ಐದನೇ ಸೆಮ್‌ನಲ್ಲಿ ಕಂಪ್ಯೂಟರ್ ನೆಟ್‌ವರ್ಕ್ಸ್ ಬರೆದು ಪಾಸಾದ ಜನ ನಾವು. ನ್ಯಾಟ್ ಅಂದ್ರೇನು, ಚಿತ್ರ ಸಮೇತ ವಿವರಿಸಿ ಅನ್ನೋ ಪ್ರಶ್ನೆಗೆ ಸ್ಕೇಲ್ ಹಿಡಿದು ಗೆರೆ ಎಳೆದು ಬಂದವರು. ಆದರೂ ಎರಡು ರಾತ್ರಿ ಒದ್ದಾಡಿದ್ವಿ. ರೌಟರಿನ ಪುಟಕ್ಕೆ ಹೋಗಿ ಹಳೇ ಲ್ಯಾಪ್‌ಟಾಪ್‌ಗೆ 192.168.1.50 ಅಂತ ವಿಳಾಸ ಕಾಯಂ ಮಾಡಿದ್ವಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ವಿಳಾಸ ಬದಲಾಗುತ್ತೆ, ಆಮೇಲೆ ಪೋರ್ಟ್ ಫಾರ್ವರ್ಡಿಂಗ್ ಯಾರದೋ ಟಿವಿಗೆ ಹೋಗಿ ಬೀಳುತ್ತೆ. ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಕೇಳೋದು ಟಿಸಿಪಿ 25565ರಲ್ಲಿ. ಆ ಪೋರ್ಟಿಗೆ ಬಂದದ್ದನ್ನೆಲ್ಲ .50ಕ್ಕೆ ಕಳಿಸು ಅಂತ ನಿಯಮ ಬರೆದ್ವಿ. ವಿಂಡೋಸ್ ಫೈರ್‌ವಾಲ್‌ನಲ್ಲಿ ಜಾವಾಗೆ ಅನುಮತಿ ಕೊಟ್ವಿ. ಮನೆ ವೈಫೈಯಿಂದಲೇ ಹೊರಗಿನ ವಿಳಾಸಕ್ಕೆ ಹೋಗಿ ಪರೀಕ್ಷೆ ಮಾಡಬಾರದು, ಎಷ್ಟೋ ರೌಟರುಗಳು ಒಳಗಿಂದ ಹೊರಟು ಮತ್ತೆ ಒಳಗೇ ಬರೋ ಪ್ಯಾಕೆಟ್ಟನ್ನು ತಿರುಗಿಸಲ್ಲ ಅಂತ ಗೊತ್ತಿತ್ತು. ಮೊಬೈಲ್ ಡೇಟಾದಿಂದಲೇ ನೋಡಿದ್ವಿ. ಶಿರಸಿಯಿಂದ ಇಲ್ಲ, ಚನ್ನರಾಯಪಟ್ಟಣದಿಂದ ಇಲ್ಲ, ಅವನದೇ ಪಕ್ಕದ ರೂಮಿನ ಮೊಬೈಲಿನಿಂದಲೂ ಇಲ್ಲ.

ಮೂರನೇ ದಿನ ಬೆಳಿಗ್ಗೆ ವಿಜಯನಗರದವಳು ಕೇಳಿದಳು, "ಲೋ, ರೌಟರ್ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಎಷ್ಟಿದೆ ಓದು." ಅವನು ಓದಿದ, 100ರಿಂದ ಶುರು, ಮುಂದಿನ ಅಂಕಿ 70ರ ಮೇಲೆ. ನನ್ನ ಐಪಿ ಏನು ಅಂತ ಗೂಗಲ್‌ನಲ್ಲಿ ಕೇಳಿದರೆ ಬರೋದು ಬೇರೆಯೇ ಸಂಖ್ಯೆ. ಎರಡೂ ಒಂದೇ ಇರಬೇಕಿತ್ತು. ಅಲ್ಲಿಗೆ ಕಥೆ ಮುಗೀತು. ಎರಡು ರಾತ್ರಿ ನಾವು ಚಿಲಕ ತೆಗೆಯುತ್ತಿದ್ದದ್ದು ಒಳಕೋಣೆಯದ್ದು. ಬೀದಿ ಬಾಗಿಲು ನಮ್ಮ ಮನೆಯದ್ದೇ ಅಲ್ಲ.

ಹಳೇ ಬೆಂಗಳೂರು, ಹಳೇ ಮೈಸೂರಿನ ವಠಾರ ಗೊತ್ತಲ್ಲ? ಒಳಗೆ ಹತ್ತು ಮನೆ, ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರು. ಮನೆಯ ರೌಟರ್ ಮಾಡೋದು ಅದನ್ನೇ. ಮನೆಯೊಳಗಿನ ಹತ್ತು ಸಾಧನಗಳು ಒಂದೇ ನಂಬರಿನಡಿ ಇರ್ತಾವೆ. ಒಳಗಿನವರು ಹೊರಗೆ ಕಾಗದ ಬರೆದರೆ ಯಾರು ಬರೆದದ್ದು ಅಂತ ಬಾಗಿಲಲ್ಲಿ ಗುರುತಿಟ್ಟುಕೊಂಡು, ಉತ್ತರ ಬಂದಾಗ ಅವರಿಗೇ ತಲುಪಿಸುತ್ತೆ. ಹೊರಗಿನವರು ತಾವಾಗೇ ಬಂದು ಕದ ತಟ್ಟಿದರೆ ಯಾರ ಮನೆಗೆ ಬಂದದ್ದು ಅಂತ ಗೊತ್ತಾಗಲ್ಲ, ವಾಪಸ್. ಪೋರ್ಟ್ ಫಾರ್ವರ್ಡಿಂಗ್ ಅಂದ್ರೆ ಬಾಗಿಲಲ್ಲಿ ಒಂದು ಚೀಟಿ ಅಂಟಿಸೋದು: 25565 ಕೇಳಿಕೊಂಡು ಬಂದವರನ್ನು ಹಿಂದಿನ ಮನೆಗೆ ಕಳಿಸಿ. ಈಗ ನಮ್ಮ ಸಂಪರ್ಕ ಕೊಡುವವರು ಮಾಡಿರೋದು, ಇಂಥ ಎಷ್ಟೋ ವಠಾರಗಳನ್ನು ಇನ್ನೊಂದು ದೊಡ್ಡ ವಠಾರದೊಳಗೆ ಹಾಕಿರೋದು. ಇದಕ್ಕೆ ಸಿಜಿ-ನ್ಯಾಟ್ ಅಂತ ಹೆಸರು, ಕ್ಯಾರಿಯರ್ ಮಟ್ಟದ ನ್ಯಾಟ್. ಹೊರಬಾಗಿಲು ಅವರ ಡೇಟಾ ಸೆಂಟರಿನಲ್ಲಿದೆ. ಅಲ್ಲಿ ಚೀಟಿ ಅಂಟಿಸೋಕೆ ನಮಗೆ ಅನುಮತಿ ಇಲ್ಲ. ಈ ಉಪಯೋಗಕ್ಕಂತಲೇ 2012ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 6598 ಬಂತು; 100.64ರಿಂದ 100.127ರವರೆಗಿನ ವಿಳಾಸಗಳನ್ನು ತೆಗೆದಿಟ್ಟರು. ನಿಮ್ಮ ರೌಟರಿನಲ್ಲಿ ಆ ಸಾಲಿನ ನಂಬರ್ ಕಂಡರೆ ನಿಮ್ಮದೂ ನಮ್ಮದೇ ಹಣೆಬರಹ.

ಇದು ಕಳ್ಳತನವೇನಲ್ಲ, ಕೊರತೆ. ಹಳೇ ಐಪಿ ವಿಳಾಸ 32 ಬಿಟ್‌ದು, ಒಟ್ಟು ಸುಮಾರು 429 ಕೋಟಿ. 2011ರ ಫೆಬ್ರುವರಿ 3ರಂದು ಕೇಂದ್ರ ದಾಸ್ತಾನು ಖಾಲಿಯಾಯ್ತು, ಅದೇ ಏಪ್ರಿಲ್ 15ಕ್ಕೆ ಏಷ್ಯಾ-ಪೆಸಿಫಿಕ್ ಪಾಲು ಕೊನೇ ತುಣುಕಿಗೆ ಬಂತು. ನಮ್ಮ ದೇಶದ ಮನೆಮನೆಗೆ ಇಂಟರ್ನೆಟ್ ಬರೋ ಹೊತ್ತಿಗೆ ಪಂಕ್ತಿ ಎದ್ದಾಗಿತ್ತು. ಮೊದಲು ಕೂತವರು ಎಷ್ಟು ಬಡಿಸಿಕೊಂಡಿದ್ದರು ಅಂದ್ರೆ, ಎಂಐಟಿ ಅನ್ನೋ ಒಂದೇ ಕಾಲೇಜಿನ ಹತ್ತಿರ 18ರಿಂದ ಶುರುವಾಗೋ ಅಷ್ಟೂ ವಿಳಾಸ ಇತ್ತು, 1.67 ಕೋಟಿ. (ಮಣಿಪಾಲದ್ದಲ್ಲ ಮಾರಾಯ್ರೇ, ಅಮೆರಿಕದ್ದು.) 2017ರಲ್ಲಿ ಒಂದು ಪಾಲನ್ನು ಹೆಚ್ಚಾಯ್ತು ಅಂತ ಮಾರಿತು.

ಹಾಗಾಗಿ ನಮ್ಮ ತಕರಾರು ಸಿಜಿ-ನ್ಯಾಟ್ ಇದೆ ಅನ್ನೋದಲ್ಲ. ಅದು ಇದೆ ಅಂತ ಯಾರೂ ಹೇಳಲ್ಲ ಅನ್ನೋದು. ಸಂಪರ್ಕ ಕೊಡುವಾಗ ಎಷ್ಟು ಎಂಬಿಪಿಎಸ್, ಜೊತೆಗೆ ಯಾವ್ಯಾವ ಓಟಿಟಿ ಫ್ರೀ ಅಂತ ಬಣ್ಣದ ಚೀಟಿ ಕೊಡ್ತಾರೆ. ಆ ಚೀಟಿಯಲ್ಲಿ "ನಿಮ್ಮ ಮನೆಗೆ ಸ್ವಂತ ವಿಳಾಸ ಇಲ್ಲ" ಅಂತ ಒಂದು ಸಾಲು ಇಲ್ಲ. ಗದಗಿನವನು ಕನೆಕ್ಷನ್ ಕೊಟ್ಟ ಹುಡುಗನಿಗೆ ಫೋನ್ ಮಾಡಿದ. ಆ ಕಡೆಯಿಂದ ಬಂದ ಉತ್ತರವನ್ನು ಇಲ್ಲಿ ಇದ್ದಂಗೇ ಕೊಡ್ತೀವಿ: "ಪಬ್ಲಿಕ್ ಐಪಿ ಅಂದ್ರ ಏನ್ರಿ ಅದು? ಯೂಟ್ಯೂಬ್ ಬರಾಕತ್ತಿಲ್ಲೇನು? ಬರಾಕತ್ತೈತಲ್ರಿ. ಮತ್ತೇನ್ ಬೇಕ್ರಿ?"

ಪಾಪ, ಅವನದೇನೂ ತಪ್ಪಿಲ್ಲ. ಕಂಬ ಹತ್ತಿ ಫೈಬರ್ ಕಟ್ಟೋನು ಅವನು, ಮಳೆಯಲ್ಲೂ ಬಂದು ರಿಪೇರಿ ಮಾಡಿ ಹೋಗ್ತಾನೆ. ಆದರೆ ಆ ಪ್ರಶ್ನೆ ನಮ್ಮ ತಲೆಯಿಂದ ಹೋಗ್ತಿಲ್ಲ. ಯೂಟ್ಯೂಬ್ ಬಂದರೆ ಸಾಕು ಅನ್ನೋದು ಈಗ ಎಲ್ಲರೂ ಒಪ್ಪಿಕೊಂಡ ಮಾತಾಗಿದೆ. ಇಂಟರ್ನೆಟ್ ಅಂದ್ರೆ ಬರೋದು. ನಮ್ಮಿಂದ ಹೋಗೋದು, ನಮ್ಮಲ್ಲಿಗೆ ಯಾರಾದ್ರೂ ಬರೋದು ಲೆಕ್ಕಕ್ಕಿಲ್ಲ. ಕಾಲುವೆಯ ತುದಿಯಲ್ಲಿ ಕೂತು ನೀರು ಬಿಟ್ಟಾಗ ಹಿಡಿದುಕೊಳ್ಳೋ ಹಾಗೆ.

ಆಟದ ವಿಷಯಕ್ಕೆ ಇಷ್ಟೊಂದು ತಲೆಕೆಡಿಸ್ಕೋಬೇಕಾ ಅಂತ ನಮ್ಮ ಕ್ಲಾಸಿನಲ್ಲೇ ಕೇಳಿದರು. ಕೇಳಿದವರಿಗೆ 2020ರ ಸೆಪ್ಟೆಂಬರ್ 2 ನೆನಪಿರಬೇಕು. ನಾವೆಲ್ಲ ಹೈಸ್ಕೂಲು, ಪಿಯುಸಿ ಅಂತ ಇದ್ದ ಕಾಲ, ಲಾಕ್‌ಡೌನ್ ಬೇರೆ. ಸರ್ಕಾರ 118 ಆ್ಯಪ್ ನಿಷೇಧಿಸಿತು, ಅದರಲ್ಲಿ ಪಬ್‌ಜಿ ಮೊಬೈಲ್ ಒಂದು. ಆಮೇಲೆ 2021ರಲ್ಲಿ ಬಿಜಿಎಂಐ ಬಂತು, 2022ರ ಜುಲೈಯಲ್ಲಿ ಸ್ಟೋರಿನಿಂದ ಮಾಯವಾಯ್ತು, 2023ರ ಮೇನಲ್ಲಿ ತಿರುಗಿ ಬಂತು. ನಿಷೇಧ ಸರಿಯೋ ತಪ್ಪೋ ಅದು ಬೇರೆ ಚರ್ಚೆ. ನಾವು ಹೇಳೋದು ಇಷ್ಟೇ: ಸ್ಕ್ವಾಡ್ ನಮ್ಮದು, ಮೈದಾನ ನಮ್ಮದಾಗಿರಲಿಲ್ಲ. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ದಿ ಕ್ರ್ಯೂ ಆಟದ ಸರ್ವರ್ ಮುಚ್ಚಿದಾಗ ದುಡ್ಡು ಕೊಟ್ಟು ಕೊಂಡವರ ಹತ್ತಿರವೂ ಆಡೋಕೆ ಏನೂ ಉಳಿಯಲಿಲ್ಲ. ಅದೇ ಕೌಂಟರ್-ಸ್ಟ್ರೈಕ್ 1.6 ನೋಡಿ. ನಮಗಿಂತ ಹಳೇದು. ಇವತ್ತಿಗೂ ನಮ್ಮ ಹಾಸ್ಟೆಲಿನಲ್ಲಿ ಯಾರೋ ಒಬ್ಬ 27015ರಲ್ಲಿ ಸರ್ವರ್ ಎಬ್ಬಿಸಿದರೆ ಹದಿನಾರು ಜನ ಕೂತ್ಕೋತಾರೆ. ಸರ್ವರ್ ಪ್ರೋಗ್ರಾಮನ್ನೂ ಆಡುವವರ ಕೈಗೇ ಕೊಟ್ಟ ಆಟ ಸಾಯಲ್ಲ.

ಇನ್ನು ವೇಗ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ಬೆಂಗಳೂರಿನಿಂದ ಸಿಂಗಪುರ ನೇರ ಗೆರೆಯಲ್ಲಿ ಸುಮಾರು 3,200 ಕಿ.ಮೀ., ಹೋಗಿ ಬರೋಕೆ ಏನು ಮಾಡಿದರೂ 32 ಮಿಲಿಸೆಕೆಂಡ್. ಗದಗ-ಬೆಂಗಳೂರು 400 ಅಂತಲೇ ಹಿಡಿಯಿರಿ, 4 ಮಿಲಿಸೆಕೆಂಡ್. ಪಕ್ಕದ ಊರಿನವರ ಜೊತೆ ಆಡೋಕೆ ಸಮುದ್ರ ದಾಟಿ ಬರಬೇಕೇ? (ನಿಜ ಹೇಳಬೇಕಂದ್ರೆ ನಾವು ಟ್ರೇಸ್‌ರೂಟ್ ಹಾಕಿ ನೋಡಿದಾಗ ಗದಗಿನ ಪ್ಯಾಕೆಟ್ ಮುಂಬೈಗೆ ಹೋಗಿ ಬೆಂಗಳೂರಿಗೆ ಬರ್ತಿತ್ತು. ಹುಬ್ಬಳ್ಳಿ ಬಸ್ಸೇ ವಾಸಿ.)

ಟೇಲ್‌ಸ್ಕೇಲ್ ಹಾಕಿಕೊಳ್ಳಿ, ಐದು ನಿಮಿಷದ ಕೆಲಸ ಅಂತ ಸೀನಿಯರ್ ಒಬ್ಬರು ಹೇಳಿದರು. ಹಾಕಿಕೊಂಡ್ವಿ, ಕೆಲಸ ಮಾಡ್ತು. ಎರಡೂ ಕಡೆಯವರು ಒಳಗಿನಿಂದ ಒಂದೇ ಹೊತ್ತಿಗೆ ಕದ ತೆಗೆದು ದಾರಿ ಮಾಡಿಕೊಳ್ಳೋ ಆ ಉಪಾಯ ನಿಜಕ್ಕೂ ಚೆಂದ. ನೀವು ನಾಲ್ಕೇ ಜನ ಇದ್ದೀರಾ, ಇವತ್ತು ರಾತ್ರಿಯೇ ಆಡಬೇಕಾ, ಅದನ್ನೇ ಮಾಡಿ, ನಮ್ಮ ಈ ಲೇಖನ ನಾಳೆ ಓದಿ. ಆದರೆ ಅದು ನಮ್ಮ ಬಾಗಿಲಿನ ಪ್ರಶ್ನೆಗೆ ಉತ್ತರ ಅಲ್ಲ. ಪರಿಚಯ ಮಾಡಿಸೋ ಮಧ್ಯಸ್ಥ ಇನ್ನೆಲ್ಲೋ ಕೂತಿರ್ತಾನೆ. ಬರೋ ಪ್ರತಿಯೊಬ್ಬರೂ ಆ ಆ್ಯಪ್ ಹಾಕಿಕೊಂಡಿರಬೇಕು. ಮುಂಬೈಯಲ್ಲಿ ಬಾಡಿಗೆ ಸರ್ವರ್ ತಗೊಳ್ಳಿ ಅನ್ನೋರಿಗೂ ಇಷ್ಟೇ ಹೇಳ್ತೀವಿ, ಮೆಸ್ ಬಿಲ್ ನೀವು ಕಟ್ಟಿ.

ನಮ್ಮನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ನೆಟ್‌ವರ್ಕ್ಸ್ ಕಲಿಸಿದ ಮೇಡಂ ಮಾತು. "ಮನೆ ಬಾಗಿಲು ಮುಚ್ಚಿರೋದೇ ಒಳ್ಳೇದಲ್ವೇನ್ರಪ್ಪಾ? ಆ ರೌಟರಿನಲ್ಲೇ ನಿಮ್ಮಪ್ಪನ ಬ್ಯಾಂಕ್ ಆ್ಯಪ್ ಓಡ್ತಿರುತ್ತೆ." ಇದಕ್ಕೆ ನಮ್ಮ ಹತ್ತಿರ ತಯಾರಾದ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ವಿಜಯನಗರದಲ್ಲಿ.

ಅವಳ ಮನೆಯ ಸಂಪರ್ಕಕ್ಕೆ ಅದೃಷ್ಟವಶಾತ್ ಸ್ವಂತ ವಿಳಾಸ ಇತ್ತು. ಸರ್ವರನ್ನು ಅಲ್ಲಿಗೆ ಸಾಗಿಸಿದ್ವಿ, ಇಪ್ಪತ್ತು ನಿಮಿಷದಲ್ಲಿ ನಾಲ್ಕೂ ಜನ ಕೆರೆ ಏರಿ ಮೇಲೆ ನಿಂತಿದ್ವಿ. ಮಾರನೇ ದಿನ ಲಾಗ್ ತೆಗೆದು ನೋಡಿದರೆ ನಮ್ಮ ನಾಲ್ಕು ವಿಳಾಸದ ಜೊತೆಗೆ ನಾವು ಕಂಡು ಕೇಳದ ಹನ್ನೊಂದು ವಿಳಾಸ. ಯಾರೋ ಬಂದು ಕದ ತಟ್ಟಿ ಹೋಗಿದ್ದಾರೆ. ಯಾರೋ ಅಂದ್ರೆ ಮನುಷ್ಯರಲ್ಲ, ಇಡೀ ಇಂಟರ್ನೆಟ್ಟಿನ ಒಂದೊಂದೇ ವಿಳಾಸಕ್ಕೆ ಹೋಗಿ 25565 ತೆಗೆದಿದೆಯಾ ಅಂತ ನೋಡ್ತಾ ತಿರುಗೋ ಪ್ರೋಗ್ರಾಮುಗಳು. ಬಾಗಿಲು ತೆಗೆದು ಒಂದು ದಿನವೂ ಆಗಿರಲಿಲ್ಲ. ಆ ಪಟ್ಟಿ ನೋಡಿ ನಮಗೆ ಆದ ದಿಗಿಲನ್ನು ಯಾವ ಟೆಕ್ಸ್ಟ್‌ಬುಕ್ಕೂ ಮಾಡಿರಲಿಲ್ಲ.

ಆವತ್ತೇ ಕೂತು ಓದಿದ್ವಿ. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಅನ್ನೋ ಜಾವಾ ಲೈಬ್ರರಿಯ ತೂತು ಹೊರಬಿದ್ದಾಗ ಮೈನ್‌ಕ್ರಾಫ್ಟ್ ಸರ್ವರಿನ ಚಾಟ್ ಪೆಟ್ಟಿಗೆಯಲ್ಲಿ ಒಂದು ಸಾಲು ಬರೆದರೆ ಸಾಕಿತ್ತು, ಆ ಯಂತ್ರದಲ್ಲಿ ಬೇಕಾದ ಕೋಡ್ ಓಡಿಸಬಹುದಿತ್ತು. 2016ರ ಮಿರಾಯ್ ಬಾಟ್‌ನೆಟ್ ಡಿಫಾಲ್ಟ್ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರುಗಳನ್ನೇ ಹಿಡಿದು ಸೈನ್ಯ ಕಟ್ಟಿತು. ಅದನ್ನು ಬರೆದವರಲ್ಲಿ ಒಬ್ಬ ನಮ್ಮಂಥದೇ ಕಾಲೇಜು ಹುಡುಗ, ಮೈನ್‌ಕ್ರಾಫ್ಟ್ ಸರ್ವರ್ ವ್ಯಾಪಾರದ ಪೈಪೋಟಿಯಿಂದ ಶುರುವಾದ ಕೆಲಸ ಅದು. ಇದನ್ನೆಲ್ಲ ಓದಿದ ಮೇಲೆ ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ವಿ (ಅಲ್ಲಿವರೆಗೂ ಅಡ್ಮಿನ್, ಅಡ್ಮಿನ್ ಅಂತಲೇ ಇತ್ತು, ನಾಚಿಕೆ). ಯೂಪಿಎನ್‌ಪಿ ಆರಿಸಿದ್ವಿ, ಯಾಕಂದ್ರೆ ಅದು ಆನ್ ಇದ್ದರೆ ಮನೆಯೊಳಗಿನ ಯಾವ ಪ್ರೋಗ್ರಾಮ್ ಬೇಕಾದ್ರೂ ನಮ್ಮನ್ನು ಕೇಳದೇ ಚಿಲಕ ತೆಗೀಬಹುದು. ಡಿಎಂಝಡ್ ಮುಟ್ಟಲೇ ಇಲ್ಲ; ಯೂಟ್ಯೂಬ್ ವಿಡಿಯೋದಲ್ಲಿ ಅದನ್ನು ಸುಲಭದ ದಾರಿ ಅಂತಾರೆ, ಅದು ಗೋಡೆ ಕೆಡವೋ ದಾರಿ. ಸರ್ವರಿನಲ್ಲಿ ವೈಟ್‌ಲಿಸ್ಟ್ ಹಾಕಿ ನಾಲ್ಕೇ ಹೆಸರು ಬರೆದ್ವಿ. ಎಲ್ಲಕ್ಕಿಂತ ಕಷ್ಟದ ಭದ್ರತಾ ಸಮಸ್ಯೆ ಅವಳ ಅಮ್ಮ. "ಏನೇ ಇದು, ರಾತ್ರಿಯೆಲ್ಲ ಮಿಣಿಮಿಣಿ ಅಂತಿರುತ್ತೆ? ಕರೆಂಟ್ ಬಿಲ್ ಯಾರು ಕಟ್ತಾರೆ?" ಅಂತ ದಿನಾ ಹತ್ತೂವರೆಗೆ ಸ್ವಿಚ್ ಆಫ್ ಮಾಡ್ತಿದ್ದರು. ಒಂದು ಲೆಕ್ಕದಲ್ಲಿ ಅದೇ ನಮ್ಮ ಅತ್ಯುತ್ತಮ ಫೈರ್‌ವಾಲ್.

ಮೇಡಂ ಹೇಳಿದ್ದು ಅರ್ಧ ಸರಿ ಅಂತ ಈಗ ನಮಗನ್ನಿಸುತ್ತೆ. ಬಾಗಿಲು ಮುಚ್ಚಿಯೇ ಇರಲಿ, ಎಲ್ಲರ ಮನೆಯದ್ದೂ, ಮೊದಲಿನಿಂದಲೇ. ಆದರೆ ಮುಚ್ಚಿದ ಬಾಗಿಲಿಗೂ ಬಾಗಿಲೇ ಇಲ್ಲದ ಗೋಡೆಗೂ ವ್ಯತ್ಯಾಸ ಇದೆ. ಬೀಗದ ಕೈ ನಮ್ಮ ಹತ್ತಿರ ಇರಲಿ. ಇಲ್ಲ ಅನ್ನೋದಾದರೆ ಕನೆಕ್ಷನ್ ಕೊಡುವಾಗಲೇ ಹೇಳಿ. ಸ್ವಂತ ವಿಳಾಸಕ್ಕೆ ಬೇರೆ ದುಡ್ಡು ಬೇಕಾದರೆ ಎಷ್ಟು ಅಂತ ಆ ಬಣ್ಣದ ಚೀಟಿಯಲ್ಲೇ ಬರೆಯಿರಿ. ಐಪಿವಿ6 ವಿಳಾಸ 128 ಬಿಟ್‌ದು, ಅದಕ್ಕೆ ಬರಗಾಲ ಇಲ್ಲ, ಮತ್ತು ಅದನ್ನು ಬಳಸೋದರಲ್ಲಿ ಭಾರತ ಜಗತ್ತಿನ ಮುಂದಿನ ಸಾಲಿನಲ್ಲೇ ಇದೆ. ಗದಗಿನ ಸಂಪರ್ಕಕ್ಕೂ ಐಪಿವಿ6 ಇತ್ತು! ಆದರೆ ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ ಐಪಿವಿ6ಗೆ ಒಳಬರೋ ದಾರಿ ತೆಗೆಯೋ ಗುಂಡಿಯೇ ಇರಲಿಲ್ಲ. ಡೋರ್ ನಂಬರ್ ಕೊಟ್ಟು ಬಾಗಿಲನ್ನು ಹೊರಗಿನಿಂದ ಮೊಳೆ ಹೊಡೆದ ಹಾಗೆ. ಆ ಒಂದು ಗುಂಡಿ ಕೊಡೋಕೆ ವಿಳಾಸದ ಕೊರತೆ ಅನ್ನೋ ನೆಪವೂ ಇಲ್ಲ.

ಮತ್ತೊಂದು ಕೇಳಿಕೆ ನಮ್ಮ ಕಾಲೇಜಿಗೇ. ನೆಟ್‌ವರ್ಕ್ಸ್ ಲ್ಯಾಬಿನಲ್ಲಿ ನಾವು ಸಿಮ್ಯುಲೇಟರ್ ಓಡಿಸಿ, ಔಟ್‌ಪುಟ್ ಪ್ರಿಂಟ್ ತೆಗೆದು ರೆಕಾರ್ಡಿಗೆ ಅಂಟಿಸಿದ್ವಿ. ಲ್ಯಾಬಿನ ಬೀರುವಿನಲ್ಲಿ ಮೂರು ಹಳೇ ರೌಟರ್ ಧೂಳು ಹಿಡಿದು ಕೂತಿವೆ, ನಾವೇ ನೋಡಿದ್ದೇವೆ. ಅವನ್ನು ಹೊರಗೆ ತೆಗೆದು ಎರಡನ್ನು ಒಂದರೊಳಗೊಂದು ಜೋಡಿಸಿದರೆ ಸಿಜಿ-ನ್ಯಾಟ್ ಮೇಜಿನ ಮೇಲೇ ತಯಾರು. ಒಂದು ಬ್ಯಾಚ್ ಬಾಗಿಲು ತೆಗೀಲಿ, ಇನ್ನೊಂದು ಬ್ಯಾಚ್ ಬಂದು ತಟ್ಟಲಿ, ಮೂರನೆಯವರು ಲಾಗ್ ಓದಲಿ. ಕೊನೇ ಅರ್ಧ ಗಂಟೆ ಕೌಂಟರ್-ಸ್ಟ್ರೈಕ್ ಆಡಿದರೆ ಹಾಜರಿ ನೂರಕ್ಕೆ ನೂರು ಬರುತ್ತೆ ಅನ್ನೋದು ನಮ್ಮ ಜವಾಬ್ದಾರಿ.

ಈ ಬಗ್ಗೆ ಎಚ್‌ಒಡಿ ಸರ್‌ಗೆ ಒಂದು ಪತ್ರ ಬರೆದಿದ್ದೇವೆ. ಸೋಮವಾರ ಮಧ್ಯಾಹ್ನ ಕ್ಯಾಂಟೀನಿನ ಅದೇ ಮೂಲೆಯಲ್ಲಿ ಕೂತಿರ್ತೀವಿ, ಸಹಿ ಹಾಕೋರು ಬನ್ನಿ. ಬರುವಾಗ ನಿಮ್ಮ ಮನೆ ರೌಟರಿನ ವ್ಯಾನ್ ಐಪಿಯ ಮೊದಲ ಎರಡು ಅಂಕಿ ಮಾತ್ರ ಬರೆದುಕೊಂಡು ಬನ್ನಿ, ಪೂರ್ತಿ ಬೇಡ. ಎಷ್ಟು ಮನೆಗೆ ಬಾಗಿಲಿದೆ ಅಂತ ಎಣಿಸಬೇಕು.