ಕೊರಿಯ ದೇಶದ ಒಕ್ಕಲುಮಕ್ಕಳು

ಅಕ್ಕಿಯ ಬೆಲೆ ಇಳಿದರೆ ಪಟ್ಟಣದ ಗೃಹಿಣಿಗೆ ಸಂತೋಷ. ಏರಿದರೆ ಹಳ್ಳಿಯ ರೈತನಿಗೆ ಸಂತೋಷ. ಇಬ್ಬರೂ ಒಂದೇ ದೇಶದ ಮಕ್ಕಳು. ಇಬ್ಬರ ಮನೆಯಲ್ಲಿಯೂ ಒಲೆ ಉರಿಯಬೇಕು. ಇವರಲ್ಲಿ ಯಾರ ಮುಖವನ್ನು ನೋಡಬೇಕೆಂಬುದು ರಾಜ್ಯವಾಳುವವರಿಗೆ ಎಂದಿನಿಂದಲೂ ಕಠಿನವಾದ ಪ್ರಶ್ನೆಯೇ ಸರಿ. ದೇಶದಲ್ಲಿ ಕಾರ್ಖಾನೆಗಳು ಬೇಗಬೇಗನೆ ಏಳತೊಡಗಿದಾಗಲಂತೂ ಆ ಪ್ರಶ್ನೆಯು ಇನ್ನಷ್ಟು ಬಿಗಿಯಾಗುತ್ತದೆ. ಅನ್ನವು ಅಗ್ಗವಾದರೆ ಕೂಲಿಯೂ ಅಗ್ಗ. ಕೂಲಿ ಅಗ್ಗವಾದರೆ ಸರಕೂ ಅಗ್ಗ. ಸರಕು ಅಗ್ಗವಾದರೆ ಪರದೇಶಗಳಲ್ಲಿ ಮಾರಾಟವು ಸುಲಭ. ಈ ಸರಪಣಿಯ ಮೊದಲನೆಯ ಕೊಂಡಿಯು ಗದ್ದೆಯ ಕೆಸರಿನಲ್ಲಿ ನಿಂತಿರುವ ರೈತನ ಹೆಗಲಮೇಲಿರುವುದೆಂಬುದನ್ನು ಮಾತ್ರ ನಾವು ಅನೇಕ ವೇಳೆ ಮರೆಯುತ್ತೇವೆ.

ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವುದು ದಕ್ಷಿಣ ಕೊರಿಯ ದೇಶದ ವೃತ್ತಾಂತವನ್ನು. ಆ ದೇಶದ ಮೋಟಾರುಗಳೂ ದೂರವಾಣಿಗಳೂ ಬಟ್ಟೆ ಒಗೆಯುವ ಯಂತ್ರಗಳೂ ಇಂದು ನಮ್ಮ ಮನೆಮನೆಗಳಲ್ಲಿ ಪರಿಚಿತವಾಗಿವೆ. ಆದರೆ ಎರಡು ಮೂರು ತಲೆಮಾರುಗಳ ಹಿಂದೆ ಅದು ಬತ್ತವನ್ನು ಬೆಳೆದು ಅನ್ನವನ್ನು ಉಣ್ಣುವ ಬಡ ಹಳ್ಳಿಗರ ನಾಡಾಗಿದ್ದಿತು. ಅಷ್ಟು ಸ್ವಲ್ಪ ಕಾಲದಲ್ಲಿ ಅಷ್ಟು ದೂರ ನಡೆದ ದೇಶದಲ್ಲಿ ಬೇಸಾಯದ ಗತಿ ಏನಾಯಿತೆಂಬುದನ್ನು ತಿಳಿದುಕೊಳ್ಳುವುದು ನಮ್ಮಂಥ ಗೃಹಸ್ಥರಿಗೆ ವ್ಯರ್ಥವಾಗಲಾರದು.

1910ರಿಂದ 1945ರ ವರೆಗೆ ಕೊರಿಯವು ಜಪಾನರ ಆಳಿಕೆಗೆ ಒಳಪಟ್ಟಿದ್ದಿತು. ಆಗ ಕೊರಿಯದ ಅಕ್ಕಿಯು ಹಡಗನ್ನೇರಿ ಜಪಾನಿನ ಪಟ್ಟಣಗಳಿಗೆ ಹೋಗುತ್ತಿತ್ತು. ಬೆಳೆದವರಲ್ಲಿ ಬಹು ಮಂದಿ ಮಂಚೂರಿಯದಿಂದ ಬಂದ ಕಿರುಧಾನ್ಯವನ್ನುಂಡು ದಿನ ನೂಕುತ್ತಿದ್ದರು. ಗೇಣಿದಾರನು ಬೆಳೆಯಲ್ಲಿ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ಭೂಮಾಲಿಕನಿಗೆ ಅಳೆಯಬೇಕಾಗಿದ್ದಿತು. ಯುದ್ಧವು ಮುಗಿದು ದೇಶವು ಎರಡು ಹೋಳಾದ ಮೇಲೆ, ದಕ್ಷಿಣದಲ್ಲಿ 1948ರಲ್ಲಿ ಸ್ಥಾಪಿತವಾದ ಹೊಸ ಸರಕಾರವು ಮೊದಲು ಕೈಹಾಕಿದ ದೊಡ್ಡ ಕೆಲಸಗಳಲ್ಲಿ ಭೂಸುಧಾರಣೆಯೂ ಒಂದು. 1949ರಲ್ಲಿ ಅಂಗೀಕೃತವಾಗಿ 1950ರ ಮಾರ್ಚಿಯಲ್ಲಿ ತಿದ್ದುಪಡಿಯನ್ನು ಹೊಂದಿದ ಆ ಕಾನೂನಿನಂತೆ, ಯಾವ ಮನೆತನವೂ ಸುಮಾರು 3 ಹೆಕ್ಟೇರಿಗಿಂತ, ಎಂದರೆ ಏಳೂವರೆ ಎಕರೆಗಿಂತ ಹೆಚ್ಚು ಸಾಗುವಳಿಯ ಭೂಮಿಯನ್ನು ಇಟ್ಟುಕೊಳ್ಳಕೂಡದಾಯಿತು. ಉಳುವವನು ಒಂದು ವರ್ಷದ ಬೆಳೆಯ ಒಂದೂವರೆಯಷ್ಟನ್ನು ಐದು ವರ್ಷಗಳ ಕಂತಿನಲ್ಲಿ ತೆತ್ತು ಭೂಮಿಗೆ ಒಡೆಯನಾದನು. ಭೂಮಾಲಿಕರಿಗೆ ದೊರೆತ ಸರಕಾರದ ಸಾಲಪತ್ರಗಳ ಬೆಲೆಯು 1950ರ ಜೂನಿನಲ್ಲಿ ಪ್ರಾರಂಭವಾದ ಯುದ್ಧದ ಬೆಲೆಯೇರಿಕೆಯಲ್ಲಿ ಕರಗಿಹೋಯಿತು.

ತನ್ನದೆಂಬ ತುಂಡು ನೆಲವು ದೊರೆತ ಕೂಡಲೆ ಕೊರಿಯದ ರೈತನು ಮಾಡಿದ್ದೇನು? ಮಕ್ಕಳನ್ನು ಓದಿಸಿದನು. ಉಳುವ ಎತ್ತನ್ನು ಮಾರಿ ಮಗನನ್ನು ಕಾಲೇಜಿಗೆ ಕಳುಹಿಸಿದ ತಂದೆಯರು ಅಲ್ಲಿ ಅಸಂಖ್ಯಾತರು. ಇದರಿಂದಲೇ ಆ ದೇಶದಲ್ಲಿ ವಿಶ್ವವಿದ್ಯಾಲಯಕ್ಕೆ 'ಎತ್ತಿನ ಮೂಳೆಯ ಗೋಪುರ'ವೆಂಬ ಅಡ್ಡಹೆಸರು ಹುಟ್ಟಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆಯ ಬೀಜವು ಇದರಲ್ಲಿಯೇ ಇದೆ.

ಯುದ್ಧಾನಂತರದ ಹತ್ತು ಹದಿನೈದು ವರ್ಷಗಳು ರೈತನಿಗೆ ಒಳ್ಳೆಯವಾಗಿರಲಿಲ್ಲ. ಅಮೆರಿಕೆಯು ತನ್ನಲ್ಲಿ ಮಿಕ್ಕ ಗೋದಿಯನ್ನು 1954ರ 480ನೆಯ ಸಾರ್ವಜನಿಕ ಕಾನೂನಿನ ಮೇರೆಗೆ ಅನ್ಯದೇಶಗಳಿಗೆ ಸುಲಭವಾಗಿ ಕೊಡತೊಡಗಿತು. ನಮ್ಮ ದೇಶವೂ ಆ ಗೋದಿಯನ್ನು ಉಂಡುದನ್ನು ಹಿರಿಯ ವಾಚಕರು ಬಲ್ಲರು. ಕೊರಿಯದಲ್ಲಿ ಅದು ಹಸಿದವರ ಹೊಟ್ಟೆಯನ್ನು ತುಂಬಿತೆಂಬುದು ನಿಜ. ಆದರೆ ಅದರೊಡನೆ ದೇಶದ ಧಾನ್ಯದ ಬೆಲೆಯನ್ನೂ ಕುಗ್ಗಿಸಿತು. 1961ರಲ್ಲಿ ಸೇನಾಪತಿ ಪಾರ್ಕ್ ಚುಂಗ್ ಹೀ ಅವರು ಅಧಿಕಾರವನ್ನು ಹಿಡಿದರು. 1962ರಿಂದ ಪಂಚವಾರ್ಷಿಕ ಯೋಜನೆಗಳು ನಡೆದವು. ಹೊರದೇಶಕ್ಕೆ ಸರಕನ್ನು ಕಳುಹಿಸುವುದೇ ಪರಮಾರ್ಥವಾಯಿತು. ಅನ್ನವು ಅಗ್ಗವಾಗಿರಬೇಕೆಂಬ ನೀತಿಯು ಹೀಗೆ ಇನ್ನಷ್ಟು ಬಲಗೊಂಡಿತು. ಹಳ್ಳಿಯ ಹುಡುಗಿಯರು ಸೋಲ್ ನಗರದ ಗುರೊ ಎಂಬ ಕೈಗಾರಿಕಾ ಪ್ರದೇಶಕ್ಕೆ ಬಂದು, ಬಟ್ಟೆ ಹೊಲಿದು, ಕೃತಕ ಕೇಶವನ್ನು ಹೆಣೆದು, ಬಂದ ಸಂಬಳದಲ್ಲಿ ತಮ್ಮಂದಿರ ಶಾಲೆಯ ಹಣವನ್ನು ಊರಿಗೆ ಕಳುಹಿಸಿದರು. 1960ರಲ್ಲಿ ಸುಮಾರು 24 ಲಕ್ಷ ಜನರಿದ್ದ ಸೋಲ್ ನಗರವು 1970ರ ಹೊತ್ತಿಗೆ 55 ಲಕ್ಷವನ್ನು ಮುಟ್ಟಿತು.

ಅಕ್ಕಿಯ ಕೊರತೆಯಾದರೂ ತೀರಿರಲಿಲ್ಲ. ಅಕ್ಕಿಯಿಂದ ಮದ್ಯವನ್ನು ಮಾಡುವುದನ್ನು ನಿಷೇಧಿಸಿದರು. 1969ರಿಂದ ವಾರದಲ್ಲಿ ಎರಡು ದಿನ ಹಗಲಿನಲ್ಲಿ ಭೋಜನಶಾಲೆಗಳು ಅನ್ನವನ್ನು ಬಡಿಸಕೂಡದೆಂದು ವಿಧಿಸಿದರು. ಶಾಲೆಯಲ್ಲಿ ಉಪಾಧ್ಯಾಯರು ಮಕ್ಕಳ ಬುತ್ತಿಯ ಮುಚ್ಚಳವನ್ನು ತೆಗೆಸಿ, ಅನ್ನದೊಡನೆ ಜವೆಗೋದಿಯು ಬೆರೆತಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ತಾಯಿಯು ಕಟ್ಟಿಕೊಟ್ಟ ಬುತ್ತಿಯೊಳಗೆ ಸರಕಾರವು ಇಣಿಕಿ ನೋಡಬೇಕಾದರೆ ಕಷ್ಟವು ಎಷ್ಟು ಮಟ್ಟಿನದೆಂಬುದನ್ನು ನಾವು ವಿವರಿಸಬೇಕಾದುದಿಲ್ಲ.

ಹಳ್ಳಿಗೂ ಪಟ್ಟಣಕ್ಕೂ ನಡುವೆ ಅಂತರವು ಬೆಳೆಯುತ್ತ ಹೋದುದನ್ನು ಕಂಡು ಸರಕಾರವು ಎಚ್ಚತ್ತಿತು. 1960ರ ದಶಕದ ಕೊನೆಯಿಂದ ಅದು ರೈತನಿಂದ ಹೆಚ್ಚಿನ ಬೆಲೆಗೆ ಧಾನ್ಯವನ್ನು ಕೊಂಡು, ಪಟ್ಟಣಿಗರಿಗೆ ಕಡಮೆ ಬೆಲೆಗೆ ಮಾರುವ ಪದ್ಧತಿಯನ್ನು ತಂದಿತು. ನಡುವಣ ನಷ್ಟವನ್ನು ಖಜಾನೆಯೇ ಹೊತ್ತಿತು. 1970ರಲ್ಲಿ 'ಸೆಮಾವುಲ್', ಎಂದರೆ 'ಹೊಸ ಹಳ್ಳಿ' ಎಂಬ ಚಳವಳಿಯು ಹೊರಟಿತು. ಸುಮಾರು 33,000 ಹಳ್ಳಿಗಳಿಗೆ ಒಂದೊಂದಕ್ಕೆ 335 ಚೀಲ ಸಿಮೆಂಟನ್ನು ಕೊಟ್ಟು, ಊರ ಕೆಲಸಕ್ಕೆ ಬಳಸಿಕೊಳ್ಳಿರೆಂದರು. ಚೆನ್ನಾಗಿ ಬಳಸಿದ ಸುಮಾರು ಅರ್ಧದಷ್ಟು ಹಳ್ಳಿಗಳಿಗೆ ಮರುವರ್ಷ ಇನ್ನೂ 500 ಚೀಲ ಸಿಮೆಂಟೂ ಒಂದು ಟನ್ನು ಕಬ್ಬಿಣವೂ ದೊರೆತವು. ಹುಲ್ಲಿನ ಮಾಡುಗಳು ಹೋಗಿ ಹೆಂಚಿನ ಮಾಡುಗಳು ಬಂದವು. ಓಣಿಗಳು ಗಾಡಿ ಹೋಗುವಷ್ಟು ಅಗಲವಾದವು.

ಅದೇ ಕಾಲದಲ್ಲಿ ಸೋಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಹೊ ಮುನ್ ಹೆ ಅವರು ಫಿಲಿಪೀನ್ಸಿನ ಅಂತರರಾಷ್ಟ್ರೀಯ ಬತ್ತದ ಸಂಶೋಧನಾಲಯದಲ್ಲಿ ಉಷ್ಣದೇಶದ ತಳಿಯನ್ನೂ ಶೀತದೇಶದ ತಳಿಯನ್ನೂ ಬೆರೆಸಿ ಹೊಸ ಬತ್ತವನ್ನು ಸಿದ್ಧಪಡಿಸಿದ್ದರು. ಅದಕ್ಕೆ 'ತೊಂಗಿಲ್', ಎಂದರೆ 'ಏಕೀಕರಣ'ವೆಂದು ಹೆಸರಾಯಿತು. 1970ರ ದಶಕದ ಮೊದಲಿನಿಂದ ಅದನ್ನು ನಾಡಿನಲ್ಲೆಲ್ಲ ಹಬ್ಬಿಸಿದರು. ಇಳುವರಿಯು ಹಳೆಯ ತಳಿಗಳಿಗಿಂತ ನೂರಕ್ಕೆ ಮೂವತ್ತರಷ್ಟು ಹೆಚ್ಚು. ಅನ್ನಕ್ಕೆ ರುಚಿ ಸಾಲದೆಂದು ಉಣ್ಣುವವರು ಗೊಣಗಿದರು. ಹುಲ್ಲು ಗಿಡ್ಡವಾಗಿ ಹಗ್ಗ ಹೊಸೆಯಲು ಬಾರದೆಂದು ಬೆಳೆಯುವವರು ಗೊಣಗಿದರು. ಆದರೂ ಅಧಿಕಾರಿಗಳ ಒತ್ತಾಯದಿಂದಲೂ ಒಳ್ಳೆಯ ಬೆಲೆಯ ಆಸೆಯಿಂದಲೂ ಬೆಳೆದರು. 1974ರಲ್ಲಿ ರೈತ ಕುಟುಂಬದ ಸರಾಸರಿ ಆದಾಯವು ಪಟ್ಟಣದ ಕೆಲಸಗಾರನ ಕುಟುಂಬದ ಆದಾಯವನ್ನು ಸ್ವಲ್ಪ ಮೀರಿತು. 1977ರಲ್ಲಿ ಅಕ್ಕಿಯ ಬೆಳೆ ಸುಮಾರು 60 ಲಕ್ಷ ಟನ್ನನ್ನು ಮುಟ್ಟಿ, ದೇಶವು ಅಕ್ಕಿಯ ಮಟ್ಟಿಗೆ ಸ್ವಾವಲಂಬಿಯಾಯಿತು. ಆ ವರ್ಷವೇ ಅಕ್ಕಿಯ ಮದ್ಯದ ಮೇಲಣ ನಿಷೇಧವನ್ನೂ ತೆಗೆದರು.

ಆದರೆ ಒಂದೇ ತಳಿಯನ್ನು ನಂಬಿ ಕುಳಿತುಕೊಳ್ಳುವುದು ಅಪಾಯವೆಂಬುದನ್ನು ಪ್ರಕೃತಿಯು ಬೇಗನೆ ತೋರಿಸಿಕೊಟ್ಟಿತು. 1978ರಲ್ಲಿ ಬೆಂಕಿರೋಗವು ತಗಲಿತು. 1980ರಲ್ಲಿ ಬೇಸಗೆಯೇ ಇಲ್ಲದಂತೆ ಚಳಿ ಹಿಡಿಯಲು, ಉಷ್ಣದೇಶದ ರಕ್ತವುಳ್ಳ ಆ ಬತ್ತವು ಜೊಳ್ಳಾಗಿ ನಿಂತಿತು. ಬೆಳೆಯು ಸುಮಾರು 35 ಲಕ್ಷ ಟನ್ನಿಗೆ ಇಳಿಯಿತು. ಮರುವರ್ಷ 20 ಲಕ್ಷ ಟನ್ನಿಗಿಂತ ಹೆಚ್ಚು ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಜನರು ರುಚಿಯ ಅಕ್ಕಿಯನ್ನೇ ಬಯಸಿದರು. 1992ರ ಹೊತ್ತಿಗೆ ಸರಕಾರವು ತೊಂಗಿಲ್ ಬತ್ತವನ್ನು ಕೊಳ್ಳುವುದನ್ನೇ ನಿಲ್ಲಿಸಿತು.

ಇಷ್ಟರಲ್ಲಿ ದೇಶವು ಶ್ರೀಮಂತವಾಗಿದ್ದಿತು. ಮೋಟಾರುಗಳನ್ನೂ ಹಡಗುಗಳನ್ನೂ ಲೋಕಕ್ಕೆಲ್ಲ ಮಾರುವ ದೇಶವು ತನ್ನ ಬಾಗಿಲನ್ನು ಮಾತ್ರ ಮುಚ್ಚಿಕೊಂಡಿರುವುದು ಹೇಗೆಂದು ಇತರ ದೇಶಗಳು ಕೇಳಿದವು. ಅಕ್ಕಿಯ ಮಾರುಕಟ್ಟೆಯನ್ನು ಪ್ರಾಣಪಣವಾಗಿ ಕಾಯುವೆನೆಂದಿದ್ದ ಅಧ್ಯಕ್ಷ ಕಿಮ್ ಯಂಗ್ ಸಾಮ್ ಅವರು 1993ರ ಡಿಸೆಂಬರಿನಲ್ಲಿ ಪ್ರಜೆಗಳ ಕ್ಷಮೆಯನ್ನು ಬೇಡಬೇಕಾಯಿತು. 1995ರಿಂದ ಪರದೇಶದ ಅಕ್ಕಿಯು ನಿಯತ ಪ್ರಮಾಣದಲ್ಲಿ ಒಳಬಂದಿತು. 2015ರಿಂದ ಆ ಪ್ರಮಾಣಕ್ಕೆ ಮೀರಿದುದರ ಮೇಲೆ ನೂರಕ್ಕೆ 513ರಂತೆ ಸುಂಕವನ್ನು ಹೇರಿ ತಡೆದಿದ್ದಾರೆ. ಈ ನಡುವೆ, 2003ರ ಸಪ್ಟೆಂಬರ್ 10ರಂದು, ಮೆಕ್ಸಿಕೊ ದೇಶದ ಕಾನ್ಕುನ್ ನಗರದಲ್ಲಿ ವಿಶ್ವವಾಣಿಜ್ಯ ಸಭೆಯು ನಡೆಯುತ್ತಿದ್ದಾಗ, ಕೊರಿಯದ ರೈತಮುಖಂಡರಾದ ಲೀ ಕ್ಯುಂಗ್ ಹೆ ಎಂಬವರು ಪ್ರತಿಭಟನೆಯ ನಡುವೆ ತಮ್ಮ ಪ್ರಾಣವನ್ನೇ ಕಳೆದುಕೊಂಡರು. ಆ ಸುದ್ದಿಯನ್ನು ಕೇಳಿ ಲೋಕವು ಒಂದು ಕ್ಷಣ ಸ್ತಬ್ಧವಾಯಿತು.

ಇತ್ತೀಚಿನ ವರ್ಷಗಳಲ್ಲಿ ಸರಕಾರದ ಕೈ ಬಿಗಿಯಾಗಿಲ್ಲ. ಬೆಲೆಯನ್ನು ಎತ್ತಿಹಿಡಿಯುವ ಹಳೆಯ ಪದ್ಧತಿಯನ್ನು 2005ರಲ್ಲಿ ಬಿಟ್ಟು, ರೈತನ ಕೈಗೇ ನೇರವಾಗಿ ಹಣವನ್ನು ಕೊಡುವ ಕ್ರಮವನ್ನು ತಂದರು. 2020ರಲ್ಲಿ ಅದನ್ನು ಇನ್ನೂ ವಿಸ್ತರಿಸಿ, ನೆಲಜಲಗಳನ್ನು ಕಾಪಾಡುವುದಕ್ಕಾಗಿಯೂ ಹಣ ಸಲ್ಲಬೇಕೆಂದು ಗೊತ್ತುಮಾಡಿ, ಸಣ್ಣ ಹಿಡುವಳಿದಾರರಿಗೆ ನಿಶ್ಚಿತ ವಾರ್ಷಿಕ ಮೊಬಲಗನ್ನು ಏರ್ಪಡಿಸಿದರು. ಒಂದು ಕಾಲಕ್ಕೆ ಬುತ್ತಿಯ ಅನ್ನವನ್ನು ಎಣಿಸಿದ ದೇಶದಲ್ಲಿ ಈಗಿನ ಚಿಂತೆಯೆಂದರೆ ಮಿಕ್ಕ ಅಕ್ಕಿಯನ್ನು ಏನು ಮಾಡುವುದೆಂಬುದು. 1970ರಲ್ಲಿ ತಲೆಗೆ ವರ್ಷಕ್ಕೆ 136 ಕಿಲೋಗ್ರಾಂ ಅಕ್ಕಿಯನ್ನು ಉಣ್ಣುತ್ತಿದ್ದವರು 2023ರಲ್ಲಿ ಉಂಡುದು 56 ಕಿಲೋಗ್ರಾಂ ಮಾತ್ರ. ರೊಟ್ಟಿಯೂ ಮಾಂಸವೂ ಅನ್ನದ ಸ್ಥಳವನ್ನು ಆಕ್ರಮಿಸಿವೆ. ಆ ಗೋದಿಯೂ, ದನಕರುಗಳ ಮೇವಿನ ಜೋಳವೂ ಹೊರಗಿನಿಂದ ಬರತಕ್ಕವು. ಮೇವನ್ನೂ ಸೇರಿಸಿ ಲೆಕ್ಕ ಹಾಕಿದರೆ ದೇಶಕ್ಕೆ ಬೇಕಾದ ಧಾನ್ಯದಲ್ಲಿ ಸುಮಾರು ಐದರಲ್ಲೊಂದು ಪಾಲು ಮಾತ್ರ ದೇಶದಲ್ಲಿ ಬೆಳೆಯುತ್ತದೆ.

ಇನ್ನು ಬೆಳೆಯುವವರು ಯಾರು? 1970ರಲ್ಲಿ ರೈತಕುಟುಂಬಗಳಲ್ಲಿ ಸುಮಾರು 1 ಕೋಟಿ 44 ಲಕ್ಷ ಜನರಿದ್ದರು. ದೇಶದ ಜನರಲ್ಲಿ ನೂರಕ್ಕೆ 45 ಮಂದಿ. 2023ರಲ್ಲಿ ಉಳಿದವರು ಸುಮಾರು 21 ಲಕ್ಷ, ನೂರಕ್ಕೆ ನಾಲ್ವರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 65 ವರ್ಷ ದಾಟಿದವರು. ಹಳ್ಳಿಯಲ್ಲಿ ನಿಂತ ಗಂಡುಮಕ್ಕಳಿಗೆ ಹೆಣ್ಣು ಕೊಡುವವರಿಲ್ಲವಾಗಿ, 2005ರ ಸುಮಾರಿಗೆ ರೈತರ ಮತ್ತು ಬೆಸ್ತರ ಮದುವೆಗಳಲ್ಲಿ ಮೂರಕ್ಕೊಂದಕ್ಕಿಂತ ಹೆಚ್ಚಿನವುಗಳಲ್ಲಿ ವಧುವು ವಿಯೆಟ್ನಾಂ, ಚೀನ ಮೊದಲಾದ ಪರದೇಶಗಳಿಂದ ಬಂದವಳು. ನಾಟಿಗೂ ಕೊಯ್ಲಿಗೂ ಹೊರದೇಶದ ಕೂಲಿಗಳು ಬರುತ್ತಾರೆ. ರೈತಕುಟುಂಬದ ವರಮಾನದಲ್ಲಿ ಬೇಸಾಯದಿಂದ ಬಂದುದು ಐದರಲ್ಲೊಂದು ಪಾಲಿನಷ್ಟೇ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯು ನಮ್ಮ ಹಿರಿಯರದು. ಹಳ್ಳಿಯ ತುಂಬ ತರುಣರಿದ್ದಾಗ ಕೊರಿಯದ ಸರಕಾರಕ್ಕೆ ಅಗ್ಗದ ಅನ್ನವು ಬೇಕಾಗಿದ್ದಿತು. ದೇಶವೇ ಬಡವಾಗಿ ಪ್ರತಿ ಮನೆಯ ಖರ್ಚಿನಲ್ಲಿಯೂ ಅನ್ನದ ಪಾಲು ದೊಡ್ಡದಾಗಿರುವಾಗ ಬೆಲೆಯನ್ನೇರಿಸಲು ಯಾವ ಸರಕಾರಕ್ಕಾದರೂ ಅಂಜಿಕೆ. ದೇಶಕ್ಕೆ ಸಿರಿ ಬಂದು, ರೈತರು ಕೆಲವರೇ ಆಗಿ, ಅವರಿಗೆ ಕೊಡುವುದು ಹೊರೆಯಲ್ಲವೆಂದಾಗ, ಕೊಟ್ಟುದನ್ನು ಕೈನೀಡಿ ತೆಗೆದುಕೊಳ್ಳುವವನು ಮುದುಕನಾಗಿದ್ದನು. ಹಣವು ಹಳ್ಳಿಗೆ ಹಿಂದಿರುಗಿತು; ಮಕ್ಕಳು ಹಿಂದಿರುಗಲಿಲ್ಲ.

ಹೋದವರನ್ನು ನಾವು ದೂಷಿಸಲಾರೆವು. ಕಾರ್ಖಾನೆಗಳಿಲ್ಲದೆ ಆ ದೇಶದ ಬಡತನವು ತೊಲಗುತ್ತಿರಲಿಲ್ಲ. ರಸ್ತೆ, ವಿದ್ಯುತ್ತು, ಆಸ್ಪತ್ರೆಗಳು ಹಳ್ಳಿಗೆ ಬಂದುದೂ ಆ ಐಶ್ವರ್ಯದಿಂದಲೇ. ಎತ್ತನ್ನು ಮಾರಿದ ತಂದೆಯು ಮಗನು ಕೆಸರನ್ನು ಬಿಟ್ಟು ಮೇಲೇರಲೆಂದೇ ಮಾರಿದನು. ಅವನ ಆಸೆಯು ಕೈಗೂಡಿತು. ಆದರೆ ಎಲ್ಲ ತಂದೆಯರ ಆಸೆಯೂ ಒಟ್ಟಿಗೆ ಕೈಗೂಡಿದಾಗ ಊರಿನಲ್ಲಿ ನೇಗಿಲು ಹಿಡಿಯುವವರು ಉಳಿಯಲಿಲ್ಲವೆಂಬುದನ್ನು ಮಾತ್ರ ಮರೆಯಲಾಗದು.

ನಮ್ಮ ಕರ್ನಾಟಕದಲ್ಲಿಯೂ 1974ರ ಭೂಸುಧಾರಣೆಯಿಂದ ಅನೇಕ ಗೇಣಿದಾರರು ನೆಲಕ್ಕೆ ಒಡೆಯರಾದರು. ಅವರ ಮಕ್ಕಳೂ ಮೊಮ್ಮಕ್ಕಳೂ ಓದಿ ಪಟ್ಟಣಗಳನ್ನು ಸೇರುತ್ತಿದ್ದಾರೆ. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳಲ್ಲಿ ಮಗನು ಬೆಂಗಳೂರಿನಲ್ಲಿಯೂ ತಂದೆಯು ಹೊಲದಲ್ಲಿಯೂ ಇದ್ದಾರೆ. ಬೇಸಾಯಕ್ಕೆ ಸಲ್ಲಬೇಕಾದ ಬೆಲೆಯೂ ಮರ್ಯಾದೆಯೂ ಊರಿನಲ್ಲಿ ತರುಣರು ಇನ್ನೂ ಇರುವಾಗಲೇ ಸಲ್ಲಬೇಕು. ಅವರು ಗಂಟು ಕಟ್ಟಿ ಹೊರಟ ಮೇಲೆ ಸಲ್ಲಿಸಿದುದು ಮುಪ್ಪಿನ ಕಾಲದ ವರ್ಷಾಶನವಾದೀತೇ ಹೊರತು ಬೇಸಾಯಕ್ಕೆ ಆಧಾರವಾಗಲಾರದು. ಮುಂದಿನ ಸಲ ಅಂಗಡಿಯಲ್ಲಿ ಅಕ್ಕಿಯ ಬೆಲೆ ಎರಡು ರೂಪಾಯಿ ಹೆಚ್ಚಾಯಿತೆಂದು ನಾವು ಬೇಸರಪಡುವಾಗ ಕೊರಿಯದ ಆ ಮುದುಕನನ್ನು ಒಮ್ಮೆ ನೆನೆದುಕೊಂಡರೆ ಸಾಕು.